ಉಂಗುರವಿಲ್ಲದ ಕುಂಟುಕೋಳಿ

ಊರಲ್ಲಿ ಬೀಡಾಡಿ ಕೋಳಿಗಳು ಎಷ್ಟಾಗಿದ್ದವೆಂದರೆ, ಬಸ್ ನಿಂತರೆ ಮೊದಲು ಕೋಳಿಗಳು ಇಳಿದು ಆಮೇಲೆ ಜನ ಇಳಿಯಬೇಕಿತ್ತು. ಕಡೆಗೆ ಪುರಸಭೆಯವರು ಕಾನೂನು ಮಾಡಿದರು: ಸಾಕಿದ ಕೋಳಿಯ ಕಾಲಿಗೆ ಹಳದಿ ಪ್ಲಾಸ್ಟಿಕ್ ಉಂಗುರ ಹಾಕಿಸಬೇಕು; ಉಂಗುರವಿಲ್ಲದ್ದನ್ನು ಹಿಡಿದು, ಲಾರಿಗೆ ತುಂಬಿ ಊರಾಚೆ ಸಾಗಿಸಬೇಕು. ಒಪ್ಪಿಗೆಯೇ ಎಂದು ಅಧ್ಯಕ್ಷರು ಕೇಳಿದಾಗ, ಕಿಟಕಿಯಲ್ಲಿ ಕೂತಿದ್ದ ಹುಂಜವೇ ಸದಸ್ಯರಿಗಿಂತ ಮೊದಲು ಕೂಗಿತಂತೆ.

ಉಂಗುರ ಹಾಕುವುದು, ಹಿಡಿಯುವುದು ಎರಡೂ ಬಿದ್ದದ್ದು ಚರಂಡಿ ಬಳಿಯುತ್ತಿದ್ದ ಲಂಬುವಿನ ಹೆಗಲಿಗೆ. ಅಲ್ಲಿಯವರೆಗೆ ಅವನತ್ತ ಯಾರೂ ತಿರುಗಿ ನೋಡಿದವರಲ್ಲ. ಈಗ ಬಲೆ ಹೊತ್ತು ಹೊರಟರೆ ಹೋಟೆಲಿನ ಯಜಮಾನನೂ ಎದ್ದು ನಿಲ್ಲುತ್ತಿದ್ದ. ಲಂಬುವಿನ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿಗಳು ಹಾರಿ ಎದುರುಮನೆಯ ಗೋಡೆಗೆ ಬಡಿಯುತ್ತಿದ್ದವು.

ಬೀದಿಬೀದಿ ಸುತ್ತಿ ಎಲ್ಲರ ಕೋಳಿಗೂ ಉಂಗುರ ತೊಡಿಸಿದ. ಉಳಿದದ್ದು ಅವನನ್ನು ಸಾಕಿ ಬೆಳೆಸಿದ ಚಿಕ್ಕಮ್ಮನ ಕುಂಟುಕೋಳಿಯೊಂದೇ. ಆಕೆ ನೆನಪಿಸಿದಾಗಲೆಲ್ಲ, ಮನೆಯದೇ ತಾನೆ, ನಾಳೆ ಹಾಕಿದರಾಯಿತು ಎನ್ನುತ್ತಿದ್ದ.

ಒಂದು ಸಂಜೆ, ಬಸ್ ನಿಲ್ದಾಣದ ಮರದಲ್ಲಿ ಕೋಳಿಗಳು ಮಲಗಲು ಹತ್ತಿದ ಹೊತ್ತಿಗೆ ಬಲೆ ಬೀಸಿದ. ನೋಡಲು ಅರ್ಧ ಊರೇ ನೆರೆದಿತ್ತು. ಕೆಳಕೊಂಬೆಯಲ್ಲಿ ಕೈಗೆ ಸಿಕ್ಕ ಒಂದರ ಸೊಟ್ಟಗಾಲು ಬೆರಳಿಗೆ ತಾಗಿದ್ದೇ ಗುರುತು ಹತ್ತಿತು. ಕೆಳಗೆ ಬಿಟ್ಟುಬಿಡಬಹುದಿತ್ತು.

"ಯಾಕೋ ತಡ? ಉಂಗುರ ಇಲ್ವಲ್ಲ, ನಿಮ್ ನೆಂಟರದ್ದಾ?" ಎಂದು ಕಟಿಂಗ್ ಶಾಪಿನವನು ಕಿಚಾಯಿಸಿದ. ಜನ ನಕ್ಕರು.

"ಕಾನೂನಿಗೆ ನೆಂಟ್ರಿರಲ್ಲಣ್ಣ," ಎಂದ ಲಂಬು, ಅದನ್ನು ಲಾರಿಯೊಳಕ್ಕೆ ಎಸೆದ. ಚಪ್ಪಾಳೆ ಬಿತ್ತು. ಲಾರಿ ಹೊರಟೇ ಹೋಯಿತು.

ಮರುದಿನ ಚಿಕ್ಕಮ್ಮ ಅಂಗೈಯಲ್ಲಿ ಕಾಳು ಹಿಡಿದು ಕೋಳಿಯನ್ನು ಕರೆಯುತ್ತಾ ಬಂದಳು. ಊರೆಲ್ಲ ಸುತ್ತುವವನು ನೀನು, ಸ್ವಲ್ಪ ಹುಡುಕಿಕೊಡು ಎಂದಳು. ಅವನೂ ಜೊತೆಗೆ ಹೊರಟ. ಪೊದೆಗಳಲ್ಲಿ ಬಗ್ಗಿ ನೋಡಿದ, ಬಾ ಬಾ ಎಂದು ಕರೆದ. ತನ್ನ ದನಿ ಕೇಳಿ ತನಗೇ ಹೇಸಿಗೆಯಾಯಿತು. ಆಕೆಯ ಮನೆ ಬಾಗಿಲಿಗೆ ಮರಳುವಷ್ಟರಲ್ಲಿ ಆರಡಿ ಆಳು ಇಲಿಯಷ್ಟಾಗಿದ್ದ.

"ಚಿಕ್ಕಮ್ಮ, ನಾನೇ ಲಾರಿಗೆ ಹಾಕ್ದೆ. ನಿಂದು ಅಂತ ಗೊತ್ತಿದ್ದೂ ಹಾಕ್ದೆ."

ಆಕೆ ಅಂಗೈಯ ಕಾಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

"ಅದಕ್ಕೆ ಕಾಲು ನೋವಿತ್ತಲ್ಲಪ್ಪ. ಮೆತ್ತಗೆ ಇಟ್ಯಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ. ಎಸೆದೆ," ಎಂದ.

ಚಿಕ್ಕಮ್ಮ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬಾ ಎನ್ನಲೂ ಇಲ್ಲ. ಅವನು ಹೊಸಿಲಿನಾಚೆ ತಲೆ ತಗ್ಗಿಸಿ ನಿಂತೇ ಇದ್ದ.