ಗಿರಣಿ ನಿಂತಾಗ ಏರಿದ ಶಾಖ

1989ರಲ್ಲಿ ನಾನು ಸಿರುಗುಪ್ಪದ ಒಂದು ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದೆ. ಮನೆ ಬಳ್ಳಾರಿಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ರೇಡಿಯೋ ಒಂದೇ ಮಾತನಾಡುತ್ತಿತ್ತು. ಅದಕ್ಕೆ ನನ್ನ ಮಾತು ಬೇಕಿರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಟವೆಲ್ ಹಾಕಿ ಕೂರುತ್ತಿದ್ದೆ. ಕುರುಗೋಡಿನಲ್ಲಿ ನಮ್ಮ ಕಾಲೇಜಿನ ಭೌತಶಾಸ್ತ್ರದ ಪಂಪಾಪತಿ ಹತ್ತಿ, ಟವೆಲನ್ನು ನನ್ನ ತೊಡೆಯ ಮೇಲೆಸೆದು, "ಅತ್ತಾಗ ಜರಗಲೇ ಖಾದರಾ" ಎಂದು ಕೂತ ಮೇಲೆಯೇ ನನ್ನ ದಿನ ಶುರುವಾಗುತ್ತಿತ್ತು.

ಆ ವರ್ಷ ಪತ್ರಿಕೆಗಳ ತುಂಬ 'ಕೋಲ್ಡ್ ಫ್ಯೂಷನ್' ಸುದ್ದಿ. ಸೂರ್ಯನ ಒಡಲಲ್ಲಿ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಬೆಸೆದು ಶಕ್ತಿ ಹೊಮ್ಮುತ್ತದಲ್ಲ, ಅದು ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲೇ ಆಗುತ್ತದೆಂಬ ವಾದ. ವಿದೇಶದಲ್ಲಿ ಅದಕ್ಕೆ ಪಲ್ಲೇಡಿಯಂ ಲೋಹ, ಭಾರಜಲ ಬಳಸಿದ್ದರು. ಪಂಪಾಪತಿಗೆ ಅವೆಲ್ಲಿ ಸಿಗಬೇಕು? ನಿಕ್ಕಲ್ ತಂತಿ, ಸಾದಾ ನೀರು, ಅದರಲ್ಲಿ ಕರಗಿಸಿದ ವಾಷಿಂಗ್ ಸೋಡ ಇಷ್ಟರಲ್ಲೇ ಪ್ರಯೋಗ ಹೂಡಿದ. ಕರೆಂಟ್ ಹರಿಸಿದಾಗ ಬರುವ ಹೈಡ್ರೋಜನ್ ನಿಕ್ಕಲ್‌ನೊಳಗೆ ಸೇರಿ ಬೆಸೆಯುತ್ತದೆ, ಕೊಟ್ಟ ಕರೆಂಟಿಗಿಂತ ಹೆಚ್ಚು ಶಾಖ ಬರುತ್ತದೆ ಎನ್ನುತ್ತಿದ್ದ.

ನಾನು ನಂಬಲಿಲ್ಲ. ಬಸ್ಸಿನಲ್ಲಿ ದಿನಾ ಅದೇ ಜಗಳ.

"ನ್ಯೂಕ್ಲಿಯಸ್ ಬೆಸೆದ್ರ ವಿಕಿರಣ ಬರಬೇಕಲ್ಲೋ. ಅಷ್ಟು ಹತ್ರ ಕುಂದರ್ತಿ, ನಿನಗ ನೆಗಡಿನೂ ಆಗಿಲ್ಲ!"

"ನಿಕ್ಕಲ್‌ನಾಗ ಬ್ಯಾರೆ ಥರ ಆಗತಿರಬೇಕು. ಶಾಖ ಐತೋ ಇಲ್ಲೋ, ಅಷ್ಟು ಹೇಳಲೇ."

ಶಾಖವಂತೂ ಇತ್ತು. ಮಧ್ಯಾಹ್ನವಾದರೆ ಥರ್ಮಾಮೀಟರ್ ಏರುವುದನ್ನು ನಾನೇ ಕಂಡಿದ್ದೆ. ಸುದ್ದಿ ಹಬ್ಬಿ, ಬಳ್ಳಾರಿಯಲ್ಲಿ ಹೊರಗಿನ ವಿಜ್ಞಾನಿಗಳ ಮುಂದೆ ಪ್ರದರ್ಶನ ನಿಗದಿಯಾಯಿತು. ಎಂ.ಎಸ್ಸಿ. ಮುಗಿದಾಗಿನಿಂದ ಸಂಶೋಧನೆಗೆ ಹೋಗಬೇಕೆಂದು ಹಂಬಲಿಸಿದವನು ಪಂಪಾಪತಿ. ಆ ವಿಜ್ಞಾನಿಗಳು ಒಪ್ಪಿದರೆ ಆ ಬಾಗಿಲು ತೆರೆಯುತ್ತಿತ್ತು. ಅದಕ್ಕೂ ಮೊದಲು ಇನ್ನೊಬ್ಬರು ಪ್ರಯೋಗ ಪರೀಕ್ಷಿಸಿ ವರದಿಗೆ ಸಹಿ ಹಾಕಬೇಕೆಂದು ಪ್ರಿನ್ಸಿಪಾಲರು ಹೇಳಿದಾಗ, ಅವನೇ ನನ್ನ ಹೆಸರು ಸೂಚಿಸಿದ.

ಅಂದು ಪ್ರಯೋಗಾಲಯದಲ್ಲಿ ಇಬ್ಬರೇ ಕೂತಿದ್ದೆವು. ವೋಲ್ಟೇಜ್ ಇಲ್ಲದೆ ಫ್ಯಾನು ತೆವಳುತ್ತಿತ್ತು. ಪಕ್ಕದ ಅಕ್ಕಿ ಗಿರಣಿ ಊಟಕ್ಕೆಂದು ನಿಂತಿತು. ಗದ್ದಲ ಅಡಗುತ್ತಿದ್ದಂತೆ ಫ್ಯಾನು ಬಿರುಸಾಗಿ ತಿರುಗಿ ಮೇಜಿನ ಮೇಲಿನ ಹಾಳೆಗಳನ್ನು ಹಾರಿಸಿತು. ಅವನು ಹಾಳೆ ಹಿಡಿಯಲು ಓಡಿದ. ನಾನು ಥರ್ಮಾಮೀಟರ್ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅದು ಏರತೊಡಗಿತು.

"ಕರೆಂಟ್ ಎಷ್ಟು ಹರಿಯಾಕತ್ತೈತಿ, ಈಗ ನೋಡಿದೇನು?" ಎಂದೆ.

"ಮುಂಜಾನೆ ನೋಡೀನಲ್ಲ. ಅದಽ ಇರತೈತಿ."

ಅಮ್ಮೀಟರ್ ಜೋಡಿಸಿದೆವು. ಮುಂಜಾನೆಗಿಂತ ಬಹಳ ಹೆಚ್ಚಿತ್ತು. ಗಿರಣಿಗೂ ಕಾಲೇಜಿಗೂ ಒಂದೇ ಲೈನು; ಗಿರಣಿ ನಿಂತರೆ ವೋಲ್ಟೇಜ್ ಏರಿ ಪಾತ್ರೆಗೆ ಹೆಚ್ಚು ಕರೆಂಟ್ ಹೋಗುತ್ತಿತ್ತು. ಅವನು ಮುಂಜಾನೆಯ ಲೆಕ್ಕವನ್ನೇ ಹಿಡಿದು, ಉಳಿದ ಶಾಖವನ್ನು ಫ್ಯೂಷನ್ ಎಂದುಕೊಂಡಿದ್ದ. ಮರುದಿನ ಟ್ರ್ಯಾಕ್ಟರ್ ಬ್ಯಾಟರಿ ತರಿಸಿ ಅದರಿಂದ ನಡೆಸಿದೆವು. ಗಿರಣಿ ನಿಂತಿತು, ಮತ್ತೆ ಶುರುವಾಯಿತು. ಥರ್ಮಾಮೀಟರ್ ಅಲುಗಲಿಲ್ಲ. ನಾನು ಗೆದ್ದಿದ್ದೆ, ಆದರೆ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಅವನು ಬ್ಯಾಟರಿಯ ತಂತಿ ಬಿಚ್ಚಿಟ್ಟ. "ಸಹಿ ಮಾಡಬ್ಯಾಡ್ರಿ, ಖಾದರ್ ಸರ್."

ಅಷ್ಟು ವರ್ಷದಲ್ಲಿ ಅವನು ನನ್ನನ್ನು ಸರ್ ಎಂದದ್ದು ಅದೇ ಮೊದಲು.

ಪ್ರದರ್ಶನವನ್ನು ಅವನೇ ರದ್ದು ಮಾಡಿಸಿದ. ನನಗೆ ಹೊಟ್ಟೆಕಿಚ್ಚು ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ಅವನು ಹಾಗೆ ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ರಾಜಿಯಾಗಬಹುದಿತ್ತು. ಕುರುಗೋಡಿನಲ್ಲಿ ಹತ್ತಿ, "ನಮಸ್ಕಾರ್ರಿ ಸರ್" ಎಂದು ಹಿಂದಿನ ಸೀಟಿಗೆ ಹೋಗಿಬಿಡುತ್ತಿದ್ದ. ಮುಂದಿನ ವರ್ಷ ವರ್ಗ ಮಾಡಿಸಿಕೊಂಡು ಹೋದ. ಅವನಿಗಿಂತ ಹತ್ತಿರದ ಗೆಳೆಯ ನನಗೆ ಮತ್ತೆ ಸಿಗಲಿಲ್ಲ.

ಫಲಿತಾಂಶ ಒಂದೇ ಸಲ ಕಂಡರೆ ನಂಬಬೇಡಿ, ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ನೋಡಿ. ವೃತ್ತಿ ನನಗೆ ಕಲಿಸಿದ್ದು ಇದನ್ನೇ, ಮಕ್ಕಳಿಗೆ ನಾನು ಹೇಳಿಕೊಟ್ಟದ್ದೂ ಇದನ್ನೇ. ಅವನು ವರ್ಗವಾಗಿ ಹೋಗುವವರೆಗೂ ನಾನು ಪಕ್ಕದ ಸೀಟಿಗೆ ಟವೆಲ್ ಹಾಕುವುದನ್ನು ಬಿಡಲಿಲ್ಲ. ಕಂಡಕ್ಟರ್ ಒಮ್ಮೆ, "ತಗೀರಿ ಸರ್, ಯಾರೂ ಬರಂಗಿಲ್ಲ" ಎಂದ.

"ಕುರುಗೋಡು ಬರ್ಲಿ ತಡಿಯಪ್ಪಾ" ಎಂದೆ.