ಈರಕ್ಕನ ಕಾಲಿಗೆ ತಿಳಿಯದ ಬಿಸಿ

ಕೋವಿಡ್ ಗಲಾಟೆ ಇಳಿದ ಮರುವರ್ಷ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ರೋಗಿ ಬಾಗಿಲಲ್ಲಿ ನಿಂತಾಗಲೇ ಕಾಯಿಲೆ ಗೊತ್ತಾಗುತ್ತದೆ ಎಂಬ ಜಂಬವೂ ನನಗಿತ್ತು. ಅದನ್ನು ಇಳಿಸಿದವಳು ಈರಕ್ಕ.

ಅವಳಿಗೆ ಐವತ್ತರ ಆಸುಪಾಸು. ಗಂಡ ಕುರಿ ಹೊಡೆದುಕೊಂಡು ಹೋದರೆ ಇವಳು ತೋಟದ ಮನೆಗಳಿಗೆ ಕೊಬ್ಬರಿ ಸುಲಿಯುವ ಕೂಲಿಗೆ ಹೋಗುತ್ತಿದ್ದಳು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯ ಕರಟವನ್ನು ಒಡೆದು, ಒಳಗಿನ ಕೊಬ್ಬರಿಯನ್ನು ಚೂರಾಗದಂತೆ ಇಡಿಯಾಗಿ ಬಿಡಿಸುವ ಕೆಲಸ. ಬೆರಳು ಚುರುಕಾಗಿಲ್ಲದವರಿಗೆ ಅದು ಆಗುವುದಿಲ್ಲ.

ಮೊದಲು ಬಂದಾಗ ಸುಸ್ತು, ಮೇಲುಸಿರು. ಹಿಮೋಗ್ಲೋಬಿನ್ 7.8 ಇತ್ತು. ಊಟಕ್ಕೆ ಏನು ಮಾಡುತ್ತೀಯಮ್ಮ ಎಂದು ಕೇಳಿದೆ.

"ಎಲ್ರಂಗೆ ಮುದ್ದೆ, ಸೊಪ್ಪಿನ್ ಸಾರು ಕಣ್ ತಾಯಿ," ಎಂದಳು.

ಕುರಿ ಸಾಕುವ ಮನೆ, ಹಟ್ಟಿಯಲ್ಲಿ ಎಮ್ಮೆಯೂ ಇದೆ, ಹಾಲು ಮಾಂಸಕ್ಕೇನು ಕೊರತೆ ಎಂದು ನಾನೇ ತೀರ್ಮಾನಿಸಿ, ಚೀಟಿಯಲ್ಲಿ 'ಮಿಶ್ರ ಆಹಾರ' ಎಂದು ಬರೆದೆ. ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ಕೊಟ್ಟು ಕಳಿಸಿದೆ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 10.4ಕ್ಕೆ ಏರಿತು. ನಾನು ಬೀಗಿದೆ. ಅವಳು ಮಾತ್ರ, "ಕಾಲ್ನಾಗೆ ಇರುವೆ ಹರ್ದಂಗಾಯ್ತದೆ, ಬೆರಳೆಲ್ಲ ಜೋಮು," ಎಂದಳು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಕೊಬ್ಬರಿ ಸುಲಿದರೆ ಜೋಮು ಹಿಡಿಯದೆ ಇನ್ನೇನು ಎಂದುಕೊಂಡು, ನಡುನಡುವೆ ಎದ್ದು ಓಡಾಡು ಎಂದು ಹೇಳಿಬಿಟ್ಟೆ. ಆ ಮಾತು ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ.

ಮತ್ತೆರಡು ತಿಂಗಳಿಗೆ ಬಂದಾಗ ಅವಳ ಎರಡೂ ಕಾಲಲ್ಲಿ ಬೊಬ್ಬೆ ಎದ್ದಿತ್ತು. ಜೊತೆಗೆ ಮಗಳು ಶಾಂತ, ಅವಳ ತೋಳಲ್ಲಿ ಇಪ್ಪತ್ತು ದಿನದ ಹೆಣ್ಣುಮಗು. ಮಗುವಿಗೆ ಮೊದಲ ಸಲ ತಾನೇ ನೀರೆರೆಯಲು ಈರಕ್ಕ ಕಾಲು ಚಾಚಿ ಕೂತಿದ್ದಳಂತೆ. ಮಗುವನ್ನು ಮಲಗಿಸುವ ಮುಂಚೆ ಹದ ನೋಡಲೆಂದು ಹಂಡೆಯ ನೀರನ್ನು ತನ್ನ ಕಾಲಿಗೇ ಹುಯ್ದುಕೊಂಡಿದ್ದಾಳೆ.

"ಹೊಗೆ ಆಡ್ತಿತ್ತು ಮೇಡಮ್ಮೋರೆ, ಕಾಲು ಕೆಂಪಗಾಗ್ಬುಡ್ತು. ಅಮ್ಮ ಮಾತ್ರ ಹದವಾಗೈತೆ, ಮಗೀನ ಕೊಡು ಅಂತು. ನಾ ಕೊಡ್ಲಿಲ್ಲ," ಎಂದಳು ಶಾಂತ. ಅಂದಿನಿಂದ ಪಕ್ಕದ ಮನೆಯವರು ಬಂದು ಮಗುವಿಗೆ ಎರೆಯುತ್ತಿದ್ದರು.

ಟ್ಯೂನಿಂಗ್ ಫೋರ್ಕ್ ಎಂಬ, ತಟ್ಟಿದರೆ ಕಂಪಿಸುವ ಕವಲುಕಡ್ಡಿಯನ್ನು ಅವಳ ಕಾಲಿನ ಗಂಟಿಗೆ ಇಟ್ಟೆ. ಅವಳಿಗೆ ಏನೂ ಗೊತ್ತಾಗಲಿಲ್ಲ.

"ಈರಕ್ಕ, ಹಾಲು, ಮೊಸರು, ಬಾಡು ತಿಂತೀಯ ತಾನೆ?"

"ಬುಟ್ಟು ಆರು ವರ್ಸ ಆಯ್ತು ಕಣ್ರಮ್ಮ. ಮಗಳ ಮಡ್ಲು ತುಂಬ್ಲಿ ಅಂತ ದ್ಯಾವ್ರಿಗೆ ಹರಕೆ. ಮಗೀನ ಮುಡಿ ಕೊಡೋಗಂಟ ಮುಟ್ಟಂಗಿಲ್ಲ."

ಇಲ್ಲಿ ಸ್ವಲ್ಪ ವಿವರಿಸಬೇಕು. ಬಿ ಗುಂಪಿನಲ್ಲಿ ಎಂಟು ವಿಟಮಿನ್‌ಗಳಿವೆ. ಅವು ತಾವಾಗಿ ಶಕ್ತಿ ಕೊಡುವುದಿಲ್ಲ, ತಿಂದ ಮುದ್ದೆಯಿಂದ ಶಕ್ತಿ ಹೊರತೆಗೆಯುವ ಕಿಣ್ವಗಳಿಗೆ ನೆರವಾಗುತ್ತವೆ. ರಕ್ತಕಣಗಳ ತಯಾರಿಕೆಯಲ್ಲಿ ಫೋಲಿಕ್ ಆಸಿಡ್ ಮತ್ತು ಬಿ12 ಜೊತೆಗಾರರು. ಬಿ12ಗೆ ನರಗಳ ಮೇಲಿನ ಹೊದಿಕೆಯನ್ನು ಕಾಯುವ ಕೆಲಸವೂ ಇದೆ. ಅದು ರಾಗಿಯಲ್ಲಿಲ್ಲ, ಸೊಪ್ಪಿನಲ್ಲಿಲ್ಲ, ನಮ್ಮ ತೆಂಗಿನಕಾಯಿಯಲ್ಲೂ ಇಲ್ಲ. ಹಾಲು, ಮೊಟ್ಟೆ, ಮಾಂಸದಿಂದ ಬರಬೇಕು. ಯಕೃತ್ತು ಕೆಲವು ವರ್ಷಗಳಿಗಾಗುವಷ್ಟು ಕೂಡಿಟ್ಟುಕೊಂಡಿರುವುದರಿಂದ ಬಿಟ್ಟ ಕೂಡಲೇ ತೊಂದರೆ ಕಾಣುವುದಿಲ್ಲ. ನಾನು ಕೊಟ್ಟ ಫೋಲಿಕ್ ಆಸಿಡ್ ರಕ್ತವನ್ನೇನೋ ಏರಿಸಿತ್ತು, ಆದರೆ ಬಿ12 ಇಲ್ಲ ಎಂಬ ಸುಳಿವನ್ನೇ ಮುಚ್ಚಿಹಾಕಿತ್ತು. ಒಳಗೆ ನರ ಸವೆಯುತ್ತಲೇ ಹೋಗಿತ್ತು.

ರಕ್ತದ ಮಾದರಿಯನ್ನು ತಿಪಟೂರಿನ ಲ್ಯಾಬಿಗೆ ಕಳಿಸಿ, ಕಾಲಿಗೆ ಪಟ್ಟಿ ಕಟ್ಟಿ, ಅವತ್ತೇ ಬಿ12 ಇಂಜೆಕ್ಷನ್ ಶುರುಮಾಡಲು ಹೊರಟೆ. ಈರಕ್ಕ ತೋಳು ಹಿಂದಕ್ಕೆಳೆದುಕೊಂಡಳು. "ಇದ್ರಾಗೆ ಹಾಲು ಗೀಲು ಐತಾ ತಾಯಿ?" ಇಲ್ಲ, ಬ್ಯಾಕ್ಟೀರಿಯಾ ಬೆಳೆಸಿ ಮಾಡುವ ಔಷಧ ಎಂದೆ. ಹರಕೆಗೆ ಭಂಗವಿಲ್ಲ ಎಂದು ಖಾತ್ರಿಯಾದ ಮೇಲೆಯೇ ತೋಳು ಕೊಟ್ಟಳು.

ತಪ್ಪು ನನ್ನದು, ಮೊದಲೇ ಕೇಳಬೇಕಿತ್ತು ಎಂದು ಹೇಳಿದೆ. ಅವಳು ನನ್ನನ್ನು ಬಯ್ಯಲಿಲ್ಲ. ಮಗುವಿನ ಕೆನ್ನೆ ಸವರಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಬಟ್ಟೆ ಮ್ಯಾಲೆ ಕೈ ಆಡ್ಸಿದಂಗೆ ಐತೆ. ಒಂದೇ ಒಂದ್ ಸಲ ನನ್ ಕಾಲ್ ಮ್ಯಾಲೆ ಮಲಗುಸ್ಕಂಡು ಎರೀಬೇಕು ಕಣ್ರಮ್ಮ. ಅದುಕ್ಕೇ ಆರು ವರ್ಸ ಕಾದಿದ್ದು."

ಲ್ಯಾಬಿನ ವರದಿಯೂ ಬಿ12 ಕೊರತೆಯನ್ನೇ ಹೇಳಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ ಇಂಜೆಕ್ಷನ್. ಪ್ರತಿ ಸಲವೂ ಅವಳದು ಒಂದೇ ಪ್ರಶ್ನೆ, "ಈಗ ಎರೀಬೋದಾ?" ನಾನು ಕವಲುಕಡ್ಡಿ ಇಟ್ಟು ನೋಡಿ, ಇನ್ನೂ ಬೇಡ ಎನ್ನುತ್ತಿದ್ದೆ. ರಕ್ತ ಬೇಗ ಸುಧಾರಿಸುತ್ತದೆ. ನರಕ್ಕೆ ಅವಸರವೇ ಇಲ್ಲ.

ವರ್ಷ ತುಂಬಿ, ಮುಡಿ ಕೊಟ್ಟು, ಹರಕೆ ತೀರಿದ ಮೇಲೆ ಒಂದು ದಿನ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಬೋಳುತಲೆಯ ಮಗು ಕೆಳಗಿಳಿದದ್ದೇ ಮೇಜು ಹಿಡಿದು ನಡೆಯತೊಡಗಿತು.

"ಯಾಕೋ ಮಗೀನ ಮೈ ಬೆಚ್ಚಗೈತೆ, ನೋಡ್ರಮ್ಮ."

ಥರ್ಮಾಮೀಟರ್ 100.2 ತೋರಿಸಿತು. ನಾನು ಮಗುವನ್ನು ಬಿಟ್ಟು ಅವಳ ಕೈ ಹಿಡಿದುಕೊಂಡೆ. "ಗೊತ್ತಾಯ್ತಾ ಈರಕ್ಕ?"

"ಗೊತ್ತಾಯ್ತು ಕಣ್ ತಾಯಿ." ನಕ್ಕಳು. ಕಣ್ಣು ಮಾತ್ರ ಮಗುವಿನ ಹಿಂದೆಯೇ ಹೋಗುತ್ತಿತ್ತು. "ಆದ್ರೆ ಕಾಲ್ ಮ್ಯಾಲೆ ಎಲ್ಲಿ ಮಲಗ್ತಾಳೆ? ನೀರು ಕಂಡ್ರೆ ಎದ್ದು ಓಡ್ತಾಳೆ."

ಆಮೇಲೆ ನಿವೃತ್ತಿಯ ದಿನದವರೆಗೂ ರೋಗಿಗಳನ್ನು ಏನು ತಿನ್ನುತ್ತೀರಿ ಎಂದು ಕೇಳಿದ ಮೇಲೆ, ಏನು ಬಿಟ್ಟಿದ್ದೀರಿ ಎಂದೂ ಕೇಳುತ್ತಿದ್ದೆ. ಎರಡನೆಯದಕ್ಕೆ ಉತ್ತರ ತಡವಾಗಿ ಬರುತ್ತಿತ್ತು, ನಾನು ಕಾಯುತ್ತಿದ್ದೆ. ಮೊದಲ ದಿನವೇ ಹಾಗೆ ಕೇಳಿ ಕಾದಿದ್ದರೆ, ಆ ಮಗು ಒಂದು ಸಲವಾದರೂ ಈರಕ್ಕನ ಕಾಲ ಮೇಲೆ ಎರೆಸಿಕೊಂಡಿರುತ್ತಿತ್ತು.