ಕುದುರೆಗೆ ಎತ್ತಿನ ಮಾತು ಹೇಳಿದ ಅವ್ವ

ನನ್ನ ಅವ್ವನನ್ನು ಯಾರಾದರೂ ಹೊಗಳಿದರೆ ಅಪ್ಪನಿಗೆ ಕೆಮ್ಮು ಬರುತ್ತಿತ್ತು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮರ್ಯಾದೆಯನ್ನು ಅಂಗಿಯ ಜೊತೆಗೇ ಇಸ್ತ್ರಿ ಮಾಡಿಸಿ ಇಟ್ಟುಕೊಂಡಿದ್ದ ಮನುಷ್ಯ. ಹುಟ್ಟಿ ಬೆಳೆದದ್ದು ಹಳ್ಳಿಯ ರಾಗಿ ಹೊಲದ ಬದುವಿನಲ್ಲೇ ಆದರೂ, ಮೈಸೂರಿನ ನಜರ್‌ಬಾದಿಗೆ ಬಂದು ಎರಡು ಕೋಣೆಯ ಬಾಡಿಗೆ ಮನೆ ಹಿಡಿದ ಮೇಲೆ ರಾಗಿಯ ಗುರುತೇ ಇಲ್ಲದವರ ಹಾಗೆ ಓಡಾಡುತ್ತಿದ್ದರು. ಕದ ಹಾಕಿಕೊಂಡು ಮುದ್ದೆ ನುಂಗುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಅವ್ವನಿಗೆ ಈ ಇಸ್ತ್ರಿ ಹಿಡಿಯಲೇ ಇಲ್ಲ. ಯಾರದೋ ಬಚ್ಚಲಿಗೆ ಹಾವು ಬಂದರೆ, ಬೀದಿಯ ಗಂಡಸರೆಲ್ಲ ದೂರ ನಿಂತು ಸಲಹೆ ಕೊಡುವಷ್ಟರಲ್ಲಿ ಅವಳು ಅದನ್ನು ಮಡಕೆಗೆ ತುಂಬಿ, ಮೇಲೆ ಮೊರ ಮುಚ್ಚಿ, ಬೆಟ್ಟದ ಕಡೆ ಬಿಟ್ಟು ಬಂದಿರುತ್ತಿದ್ದಳು. ಒಮ್ಮೆ ಊರಾಚೆಯ ಕೆಸರೆಯಲ್ಲಿ ಗುರುತಿನವರ ಮಗುವಿಗೆ ಜ್ವರವೆಂದು ನೋಡಲು ಹೋದವಳು ಇಟ್ಟಿಗೆ ಲಾರಿಯ ಮೇಲೆ ಕೂತು ವಾಪಸು ಬಂದಳು. ಅಪ್ಪ ಸಿಟ್ಟಾಗಿ ಮಾತು ಬಿಟ್ಟರು. ಅವ್ವನಿಗೆ ಅದು ಗೊತ್ತಾದದ್ದು ಮೂರನೆಯ ದಿನ.

ಸ್ವಾತಂತ್ರ್ಯ ಬಂದ ಹೊಸತು. ನನಗೆ ಹತ್ತು ವರ್ಷ. ಆ ವಿಜಯದಶಮಿಗೆ ಅಪ್ಪನಿಗೆ ಕಚೇರಿಯಿಂದ ಮೆರವಣಿಗೆ ನೋಡುವ ಪಾಸು ಸಿಕ್ಕಿತ್ತು. ರಸ್ತೆಯ ಪಕ್ಕ, ದೊಡ್ಡವರ ಸಾಲಿನಲ್ಲಿ, ಕುರ್ಚಿ! ಅಪ್ಪ ಜರಿಪೇಟ ಕಟ್ಟಿ, ಉದ್ದ ಕೋಟು ಹಾಕಿ, ಕನ್ನಡಿಯ ಮುಂದೆ ಕೂರುವುದನ್ನೂ ಅಭ್ಯಾಸ ಮಾಡಿ ಹೊರಟರು. ಹೋಗುವಾಗ ಅವ್ವನಿಗೆ, "ನೀನು ಜನದೊಳಗೆ ನುಗ್ಗಿ ಎಲ್ಲೂ ಬರಬೇಡ ಕಣೇ, ನಾಲ್ಕು ಜನ ನೋಡ್ತಾರೆ" ಎಂದರು.

ಮಧ್ಯಾಹ್ನ ಪಕ್ಕದ ಮನೆಯ ಅಕ್ಕನಿಗೆ ಹೆರಿಗೆ ನೋವು ಶುರುವಾಯಿತು. ಅವರು ಕ್ರೈಸ್ತರು, ಗಂಡ ಬ್ಯಾಂಡಿನಲ್ಲಿ ವಾದ್ಯ ಊದುವವರು, ಆ ಹೊತ್ತಿಗೆ ಮೆರವಣಿಗೆಯಲ್ಲಿ ನಿಂತಿದ್ದರು. ಅಕ್ಕನ ಮೊದಲ ಮಗು ಹುಟ್ಟುವಾಗಲೇ ಹೋಗಿತ್ತು. ಈ ಸಲ ಆಸ್ಪತ್ರೆಗೇ ಬರಬೇಕೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಆಸ್ಪತ್ರೆ ಇದ್ದದ್ದು ಮೆರವಣಿಗೆ ಹೋಗುವ ರಸ್ತೆಯ ಆಚೆ ಬದಿಗೆ. ಊರಿನ ಜಟಕಾಗಳೆಲ್ಲ ಜನರನ್ನು ತುಂಬಿಕೊಂಡು ಬನ್ನಿಮಂಟಪದ ಕಡೆ ಹೋಗಿದ್ದವು. ಉಳಿದದ್ದು ಹಿಂದಿನ ಬೀದಿಯ ಜಟಕಾ ಸಾಬರದೊಂದೇ. ಅವರು ಕಾಲು ಉಳುಕಿ ಮಂಚ ಹಿಡಿದಿದ್ದರು.

"ಅಮ್ಮಾ, ಕುದುರೆ ಓಡಿಸಿ ಗೊತ್ತಾ ನಿಮಗೆ?" ಎಂದು ಸಾಬರು ಕೇಳಿದರು.

"ತೌರಲ್ಲಿ ಎತ್ತಿನ ಗಾಡಿ ಹೊಡ್ದಿವ್ನಿ. ಇದೇನ್ ಮಹಾ ಬುಡಿ. ಎರಡರ ಬದ್ಲು ಒಂದು, ಅದ್ಕೂ ಕೊಂಬಿಲ್ಲ."

ಸಾಬರು ಮಂಚದಿಂದಲೇ ಹೇಳಿಕೊಟ್ಟ ಹಾಗೆ ಗಾಡಿ ಕಟ್ಟಿ, ಅಕ್ಕನನ್ನೂ ನನ್ನನ್ನೂ ಒಳಗೆ ಕೂರಿಸಿ, ಅವ್ವ ಸೀರೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಕೂತಳು. ಎತ್ತುಗಳಿಗೆ ಹೇಳುವ ಮಾತುಗಳನ್ನೆಲ್ಲ ಹೇಳಿದಳು. ಕುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಆಗ ಅವ್ವ ಎತ್ತಿಗೆ ಮಾಡುವ ಹಾಗೆ ಅದರ ಬಾಲ ತಿರುಚಲು ಕೈ ಹಾಕಿದಳು. ಅದು ಒದ್ದ ರಭಸಕ್ಕೆ ಗಾಡಿಯ ಮುಂದಿನ ಹಲಗೆ ಸೀಳಿತು. "ಯಾ ಅಲ್ಲಾ! ಬಾಲ ಬಿಡಿ ಅಮ್ಮಾ!" ಎಂದು ಸಾಬರು ಒಳಗಿನಿಂದ ಕೂಗಿಕೊಂಡರು. ಕುದುರೆ ಹೊರಟಿತು, ಆದರೆ ದಿನಾ ಹೋಗುವ ನೀರಿನ ತೊಟ್ಟಿಗೆ. ಹೊಟ್ಟೆ ತುಂಬ ಕುಡಿದು ಅಲ್ಲೇ ನಿಂತಿತು. ಅಕ್ಕ ಒಳಗೆ ಹಲ್ಲು ಕಚ್ಚಿ ಅಳುತ್ತಿದ್ದರು. ಅವ್ವ ಕೆಳಗೆ ಧುಮುಕಿ, ಬಾಯಿಯ ಹತ್ತಿರ ಲಗಾಮು ಹಿಡಿದು, ನಡೆದೇ ಎಳೆದುಕೊಂಡು ಹೊರಟಳು.

ಮೆರವಣಿಗೆಯ ರಸ್ತೆ ಮುಟ್ಟಿದಾಗ ಹಗ್ಗ ಕಟ್ಟಿಯಾಗಿತ್ತು. ಪೊಲೀಸಿನವನೊಬ್ಬ ಅಡ್ಡ ಬಂದ. "ಆನೆ ಬರೋ ಹೊತ್ತು. ಯಾರೂ ದಾಟಂಗಿಲ್ಲ."

"ಬಸುರಿ ಹೆಂಗ್ಸು ಕಣಪ್ಪಾ, ನೋವು ತಿನ್ತಾವ್ಳೆ. ಆನೆ ಕಾಯ್ತದೆ, ಕೂಸು ಕಾಯ್ತದಾ?"

"ಜೊತೇಲಿ ಗಂಡಸ್ರು ಯಾರೂ ಇಲ್ವಾ?"

ಅವ್ವ ಸುತ್ತ ನೋಡಿದಳು. ಹಗ್ಗದ ಆಚೆ, ಕುರ್ಚಿಗಳ ಸಾಲಿನಲ್ಲಿ, ಎಂಟು ಮಾರು ದೂರದಲ್ಲಿ ಅಪ್ಪ! ಅವಳ ಮುಖ ಅರಳಿತು. "ಅಗೋ, ಆ ಜರಿಪೇಟದೋರು ನಮ್ ಯಜಮಾನ್ರು. ಸರ್ಕಾರಿ ಕಚೇರಿಯೋರು. ಬೇಕಾದ್ರೆ ಕೇಳ್ಕೊ."

ಪೊಲೀಸಿನವನು ಕೂಗಿ ಕೇಳಿದ. "ಸ್ವಾಮೀ, ಈಯಮ್ಮ ನಿಮ್ಮ ಮನೆಯೋರಾ?"

ಅಪ್ಪ ಅವ್ವನನ್ನು ನೋಡಿದರು: ಮೊಣಕಾಲವರೆಗೆ ಸೀರೆ, ಬಿಚ್ಚಿದ ತುರುಬು, ಹೆಗಲ ಮೇಲೆ ಕುದುರೆಯ ಜೊಲ್ಲು. ಆಮೇಲೆ ಎಡಬಲದ ದೊಡ್ಡವರನ್ನು ನೋಡಿದರು. "ಗೊತ್ತಿಲ್ಲಪ್ಪ, ಯಾರೋ ಏನೋ" ಎಂದರು.

ಅವ್ವ ಲಗಾಮನ್ನು ಕೈ ಬದಲಿಸಿ ಹಿಡಿದಳು. ನಂತರ ಪೊಲೀಸಿನವನಿಗೆ, "ಅವ್ರಿಗೆ ದೂರದ್ದು ಕಾಣ್ಸಲ್ಲ ಕಣಪ್ಪಾ, ಕನ್ನಡಕ ಮರ್ತು ಬಂದವ್ರೆ" ಎಂದಳು. ಅಪ್ಪ ಜನ್ಮದಲ್ಲಿ ಕನ್ನಡಕ ಹಾಕಿದವರಲ್ಲ. ಪೊಲೀಸಿನವನು ಅಪ್ಪನ ಕಡೆ ಇನ್ನೊಂದು ಸಲ ನೋಡಿ, ತಾನೇ ಹಗ್ಗ ಬಿಚ್ಚಿದ. ಮೈಸೂರಿನ ಗಣ್ಯರೆಲ್ಲ ನೋಡುತ್ತಿದ್ದ ಹಾಗೆ ಅವ್ವ ಕುದುರೆ ಹಿಡಿದು ರಸ್ತೆ ದಾಟಿದಳು. ಕುದುರೆ ನಟ್ಟನಡುವೆ ನಿಂತು ಲದ್ದಿ ಹಾಕಿ ಹೋಯಿತು. ಸಂಜೆಯೊಳಗೆ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು, ಬದುಕಿತು.

ಮನೆಗೆ ಬಂದ ಅಪ್ಪ ಮೆರವಣಿಗೆ ಬಹಳ ಚೆನ್ನಾಗಿತ್ತು ಎಂದರು. ಅವ್ವ ಮುದ್ದೆ ಬಡಿಸಿ, "ಇನ್ನೊಸಿ ಸಾರು ಆಕ್ಲಾ?" ಎಂದು ಕೇಳಿದಳು. ಆ ಮಾತು ಅಲ್ಲಿಗೇ ಮುಗಿಯಿತು. ನನಗೆ ಮುಗಿಯಲಿಲ್ಲ. ಅಪ್ಪನನ್ನು ಎಂದಾದರೂ ಒಂದು ದಿನ ಎಲ್ಲರೆದುರು ಬಯಲಿಗೆಳೆಯಬೇಕು ಎಂದು ವರ್ಷಗಟ್ಟಲೆ ಹೊಂಚು ಹಾಕಿದ್ದೆ.

ಅರವತ್ತರ ದಶಕದಲ್ಲಿ ಆ ದಿನ ಬಂತು. ಅವ್ವ ಆಗ ನನ್ನ ಮಕ್ಕಳಿಗೆ ಅಜ್ಜಿ. ರಜೆಗೆ ಬಂದಿದ್ದ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಹಲಸಿನ ತೊಳೆ ಬಿಡಿಸುತ್ತಾ, ಆ ಕಥೆ ತೆಗೆದಳು. ಬಾಲ, ಒದೆತ, ಲದ್ದಿ ಎಲ್ಲ ಸರಿಯಾಗೇ ಬಂದವು. ಹಗ್ಗದ ಹತ್ತಿರ ಬಂದಾಗ ಮಾತ್ರ, "ನಿಮ್ ತಾತ ಕುರ್ಚಿಯಿಂದ ದಡಕ್ಕನೆ ಎದ್ರು ನೋಡಿ. 'ಬುಡ್ರೋ ದಾರಿ, ನಮ್ಮನೆಯೋಳು ಬತ್ತಾವ್ಳೆ' ಅಂತ ಕೂಗುದ್ರು" ಎಂದಳು.

ಮಕ್ಕಳು ತಿರುಗಿದರು. "ಹೌದಾ ತಾತ?"

ಅಪ್ಪ ಪತ್ರಿಕೆಯ ಹಿಂದಿನಿಂದ ಹೂಂ ಎಂದರು.

ನಾನು ಕೈಯಲ್ಲಿದ್ದ ತೊಳೆ ಕೆಳಗಿಟ್ಟೆ. ಸುಳ್ಳು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ತಲೆಯೆತ್ತದೆ ಮುಂದುವರಿಸಿದಳು: "ನಿಮ್ಮವ್ವ ಇದ್ಲಲ್ಲ, ಹತ್ತೇ ವರ್ಸದ ಹುಡ್ಗಿ. ಗಾಡಿ ಒಳ್ಗೆ ಆಯಮ್ಮನ ಕೈನ ಕೊನೇವರ್ಗೂ ಬುಡ್ಲಿಲ್ಲ. ಎಂಥಾ ಧೈರ್ಯ ಅಂತೀರಿ!"

ಅಂದು ಪೊಲೀಸಿನವನು ಗಾಡಿ ನಿಲ್ಲಿಸಿದಾಗ ಹಗ್ಗದ ಪಕ್ಕದಲ್ಲೇ ನನ್ನ ಶಾಲೆಯ ಹುಡುಗಿಯರು ಕೂತಿದ್ದರು. ನಾನು ಗಾಡಿಯ ಹಿಂದಿನಿಂದ ಇಳಿದು ಜನರ ನಡುವೆ ನಿಂತೆ. "ಯಾರೇ ಅದು ಕುದುರೆ ಹೆಂಗಸು?" ಎಂದು ಒಬ್ಬಳು ಕೇಳಿದ್ದಕ್ಕೆ, ನನಗೂ ಗೊತ್ತಿಲ್ಲ ಎಂದೆ. ಅಕ್ಕ ಗಾಡಿಯೊಳಗೆ ಒಬ್ಬರೇ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು.

ಮಗಳು ನನ್ನ ಕಡೆ ತಿರುಗಿ, ಕಣ್ಣರಳಿಸಿ, "ಹೌದಾ ಅಮ್ಮಾ?" ಎಂದಳು.

ಹೂಂ ಎಂದೆ.